ಒಂದಕ್ಷರದ ಹೂವು

ಕತ್ತರಿ ಎಲ್ಲೂ ಸಿಗದೆ ಅಕ್ಕ ರಿಬ್ಬನ್ನಿನ ಗಂಟನ್ನು ಹಲ್ಲಿನಿಂದಲೇ ಬಿಡಿಸಲು ಹೆಣಗುತ್ತಿದ್ದಳು. ಗಂಟು ಹೊಸದು, ಹಲ್ಲು ಹಳೆಯದು; ಎರಡಕ್ಕೂ ಹೊಂದಾಣಿಕೆಯಾಗುತ್ತಿರಲಿಲ್ಲ. ದೊಡ್ಡದೊಂದು ಹೂಚಕ್ರಕ್ಕೆ ಅಡ್ಡಲಾಗಿ ಕಟ್ಟಿದ್ದ ಬಿಳಿ ರಿಬ್ಬನ್ನು ಅದು. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ‘ಇಡೀ ವಾರ್ಡು ಕಾಯುತ್ತಿದೆ ಒಂದು ಹೂವಿಗಾಗಿ’ ಎಂದು ಬರೆದಿತ್ತು. ಸಾಲಿನ ಕೊನೆಗೆ ಪೂರ್ಣವಿರಾಮ ಇರಲಿಲ್ಲ. ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದುತ್ತಲೇ ವಯಸ್ಸಾದವಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಆಮೇಲೆ ಬಿದ್ದದ್ದು ‘ಹೂವಿಗಾಗಿ’ ಎಂಬ ಪದದೊಳಗಿನ ‘ವಿ’.

ಆ ‘ವಿ’ ಅವಳದೇ ಕೆಲಸ. ತಂಗಿ ಬರೆದ ಕವಿತೆಯಲ್ಲಿ ಅಲ್ಲಿ ಬೇರೆ ಅಕ್ಷರವಿತ್ತು. ಅಕ್ಕ ಅದನ್ನು ಹೊಡೆದುಹಾಕಿ ಇದನ್ನು ಬರೆದಿದ್ದಳು. ತಂಗಿಗೆ ಅದು ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು, ಮನೆಯೊಳಗೆ ಅದು ಗುಟ್ಟೇನೂ ಆಗಿರಲಿಲ್ಲ. ತಂಗಿ ಅದನ್ನು ಕ್ಷಮಿಸಿದಳೋ ಇಲ್ಲವೋ ಎನ್ನುವುದೊಂದು ಮಾತ್ರ ಅಕ್ಕನಿಗೆ ಇನ್ನೂ ಗೊತ್ತಾಗಿರಲಿಲ್ಲ. ಈಗ ಕೇಳೋಣವೆಂದರೆ ತಂಗಿ ಗೋಡೆಯಾಚೆ, ಚಿತಾಗಾರದ ಸಭಾಂಗಣದಲ್ಲಿ, ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಾಳೆ.

“ಅತ್ತಿಗೆ, ಏನು ಮಾಡ್ತಿದೀರ?”

ಬಾಗಿಲಲ್ಲಿ ತಂಗಿಯ ಗಂಡ ನಿಂತಿದ್ದ. ಅಕ್ಕ ರಿಬ್ಬನ್ನನ್ನು ಬಾಯಿಂದ ಬಿಟ್ಟು, ಗಂಟು ಸಡಿಲವಾಗಿತ್ತು, ಬಿಗಿ ಮಾಡುತ್ತಿದ್ದೆ ಎಂದಳು. ಅವನು ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಗುರುತಿಸಿ, ಪಾಪ ಎನ್ನಿಸಿದರೆ ಕಿಟಕಿಯಾಚೆ ನೋಡುತ್ತಿದ್ದ ಮನುಷ್ಯ. ಈಗಲೂ ಅವನು ಕಿಟಕಿಯಾಚೆ ನೋಡಿದ.

ಹೂವು ಬರುತ್ತಲೇ ಇದೆ, ಇಡಲು ಜಾಗವಿಲ್ಲ ಎಂದು ಹೇಳಲು ಬಂದಿದ್ದ ಅವನು. ಮೇಜಿನ ಮೇಲೆ ಮುಗಿದು, ಕುರ್ಚಿಗಳ ಮೇಲೂ ಮುಗಿದು, ಈಗ ಜನ ಬಾಗಿಲ ಬಳಿ ನೆಲದ ಮೇಲೇ ಇಟ್ಟು ಹೋಗುತ್ತಿದ್ದರಂತೆ. ಸತ್ತವಳ ಮಾತನ್ನು ಯಾರು ಕೇಳುತ್ತಾರೆ? ಅವಳು ಗಿಡಗಳ ನರ್ಸರಿ ನಡೆಸಿದವಳು. ಸಸಿ, ಗೊಬ್ಬರ, ಮಣ್ಣು, ಕುಂಡ ಮಾರಿಯೇ ಬದುಕಿದವಳು. ಕಿತ್ತ ಹೂವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

“ಹೆಣದ ಮೇಲೆ ಹೆಣ ಹಾಕ್ಬೇಡಿ ಅಂತ ಹೇಳೇ ಹೋಗಿದ್ಲು,” ಎಂದ ಕಂಡಕ್ಟರು. “ನೀವು ಹಾಗೆ ತಿದ್ದದೇ ಇದ್ದಿದ್ರೆ ಒಬ್ರೂ ಹೂ ತರ್ತಿರ್ಲಿಲ್ಲ ನೋಡಿ.”

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ಲೋಕದ ಒಂದು ಸಂಗತಿಯನ್ನು ಹೇಳುವಂತೆ ಹೇಳಿದ. ಆದರೂ ಅಕ್ಕನಿಗೆ ಅದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವಳು ಹೂಚಕ್ರವನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು.

ಅಷ್ಟರಲ್ಲಿ ಪತ್ರಿಕೆಯ ಸಂಪಾದಕರು ಒಳಗೆ ಬಂದರು. ಆ ಕವಿತೆಯನ್ನು ಮೊದಲು ಪ್ರಕಟಿಸಿದವರು ಅವರೇ. ಮೃದು ಮನಸ್ಸಿನ ಮನುಷ್ಯ. ಬೆಳಗಿನಿಂದ ಕಣ್ಣು ಒರೆಸಿಕೊಂಡು ಕನ್ನಡಕದ ಗಾಜೆಲ್ಲ ಮಂಕಾಗಿತ್ತು. ತಾನು ಎರಡು ಮಾತಾಡುತ್ತೇನೆ, ಆಮೇಲೆ ಕವಿತೆಯನ್ನು ಅಕ್ಕನೇ ಓದಬೇಕು ಎಂದರು. ಬೇರೆಯವರು ಓದಿದರೆ ಚೆನ್ನಾಗಿರುವುದಿಲ್ಲ, ಅಕ್ಕನೇ ಅದರ ಮೊದಲ ಓದುಗರು ಎಂದರು. ಇನ್ನೊಂದು ಸುದ್ದಿಯನ್ನೂ ತಂದಿದ್ದರು. ಆಸ್ಪತ್ರೆಯವರು ತಮ್ಮ ತೋಟದಲ್ಲಿ ಒಂದು ಕಲ್ಲಿನ ಬೆಂಚು ಹಾಕಿಸಿ ಅದರ ಬೆನ್ನಿಗೆ ಆ ಸಾಲನ್ನು ಕೆತ್ತಿಸುತ್ತಾರಂತೆ.

“ಕಲ್ಲಲ್ಲೇ?” ಎಂದಳು ಅಕ್ಕ.

“ಹೌದು, ಕಲ್ಲಲ್ಲಿ. ಇನ್ನು ಅಳಿಸೋ ಹಾಗಿಲ್ಲ,” ಎಂದು ಸಂಪಾದಕರು ಹೆಮ್ಮೆಯಿಂದ ಹೇಳಿದರು.

ಕಂಡಕ್ಟರು ಮತ್ತೆ ಕಿಟಕಿಯಾಚೆ ನೋಡತೊಡಗಿದ.

*

ಕೆಲವು ವರ್ಷಗಳ ಹಿಂದೆ ತಂಗಿಗೆ ಊಟ ಸೇರದಾಯಿತು. ಒಳಗೆ ಗಡ್ಡೆ ಎಂದರು. ಜಠರವನ್ನು ಪೂರ್ತಿ ತೆಗೆಯಬೇಕು ಎಂದು ಡಾಕ್ಟರು ಪುಸ್ತಕದ ಭಾಷೆಯಲ್ಲಿ ಹೇಳಿದಾಗ ತಂಗಿ ಗಂಡನ ಕಡೆ ತಿರುಗಿ, “ಹೊಟ್ಟೆ ಕಣ್ರೀ, ಹೊಟ್ಟೆ. ಇನ್ಮೇಲೆ ನನಗೆ ಹೊಟ್ಟೆಕಿಚ್ಚು ಅಂತ ಯಾರೂ ಅನ್ನೋ ಹಾಗಿಲ್ಲ,” ಎಂದಿದ್ದಳು. ತೆಗೆದೂ ಆಯಿತು. ಗಂಟಲಿನಿಂದ ಇಳಿಯುವ ಅನ್ನನಾಳವನ್ನು ನೇರವಾಗಿ ಕರುಳಿಗೇ ಸೇರಿಸಿ ಹೊಲಿದರು.

ಹೊಲಿಗೆ ಹಾಕಿದ ಮೇಲೆ ಶುರುವಾಯಿತು ಕಾಯುವ ಕೆಲಸ. ಕರುಳು ನಿದ್ದೆಯಿಂದ ಎದ್ದಿದೆ ಎನ್ನುವುದಕ್ಕೆ ಒಂದೇ ಗುರುತು: ಗಾಳಿ ಹೊರಗೆ ಹೋಗಬೇಕು. ಅದು ಹೋಗುವವರೆಗೆ ಬಾಯಿಗೆ ಒಂದು ತೊಟ್ಟು ನೀರೂ ಇಲ್ಲ. ಬೆಳಗಾದರೆ ಎಲ್ಲರೂ ಅದನ್ನೇ ಕೇಳುವವರು. ಹೊಸದಾಗಿ ಸೇರಿದ ಡಾಕ್ಟರು ಹುಡುಗ ಕಿವಿ ಕೆಂಪಗೆ ಮಾಡಿಕೊಂಡು, “ಏನಾದರೂ ಪಾಸ್ ಆಯ್ತಾ?” ಎನ್ನುತ್ತಿದ್ದ. ನರ್ಸು, “ಗ್ಯಾಸ್ ಹೋಯ್ತಾ?” ಎನ್ನುತ್ತಿದ್ದಳು. ನೆಲ ಒರೆಸುವವಳು ಕಣ್ಣಲ್ಲೇ ಕೇಳುತ್ತಿದ್ದಳು. ಕಂಡಕ್ಟರು ಅತ್ತಿತ್ತ ನೋಡಿ, “ಅದು?” ಎನ್ನುತ್ತಿದ್ದ. ಪಕ್ಕದ ಮಂಚದ ಮುದುಕಿ, “ಆ ಪುಣ್ಯ ಬಂತಾ ತಾಯಿ?” ಎನ್ನುತ್ತಿದ್ದಳು.

“ಅಕ್ಕಾ, ಒಂದು ಹೂಸಿಗೆ ಎಷ್ಟು ಹೆಸರು ನೋಡೆ,” ಎಂದಳು ತಂಗಿ. “ದೊಡ್ಡ ದೊಡ್ಡ ಓದು ಓದಿದೋರು, ಒಬ್ರಿಗೂ ಬಾಯಲ್ಲಿ ಆ ಪದ ಬರ್ತಿಲ್ಲ.”

ಆ ಮಧ್ಯಾಹ್ನ ಅವಳು ಕವಿತೆ ಕಟ್ಟಿದಳು. ಗಿಡಗಳ ನಡುವೆ ಓಡಾಡುತ್ತ ಸಾಲು ಕಟ್ಟುವ ಚಾಳಿ ಅವಳಿಗೆ ಮೊದಲಿನಿಂದಲೂ ಇತ್ತು. ಬರೆದಿಡುವ ಚಾಳಿ ಇರಲಿಲ್ಲ. ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಅಕ್ಕನಿಗೆ ಹೇಳಿದಳು:

ಹೊಟ್ಟೆ ಕಳೆದುಕೊಂಡವಳ ಮಂಚದ ಸುತ್ತ
ಡಾಕ್ಟರು, ದಾದಿ, ನೆಲ ಒರೆಸುವವಳು,
ಪಕ್ಕದ ಮಂಚದ ಮುದುಕಿ, ಕಿಟಕಿಯ ಗುಬ್ಬಿ,
ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ.
ಇಡೀ ವಾರ್ಡು ಕಾಯುತ್ತಿದೆ
ಒಂದು ಹೂಸಿಗಾಗಿ.

ಮುಂದೆ ಇನ್ನೂ ಸ್ವಲ್ಪ ಇತ್ತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಂಚದ ಕಂಬಿ ಹಿಡಿದು, ಅಲ್ಲಾಡಿ ಅಲ್ಲಾಡಿ ನಕ್ಕಳು. ನಗಬೇಡ ಕಣೆ, ನನಗೆ ಹೊಲಿಗೆ ಜಗ್ಗುತ್ತದೆ ಎಂದು ತಂಗಿ ಬೈದಳು. ಅಪ್ಪನ ಗೊರಕೆ ಕೇಳಿ ಹೊದಿಕೆಯೊಳಗೆ ಒಬ್ಬರನ್ನೊಬ್ಬರು ಚಿವುಟಿಕೊಂಡು ನಕ್ಕಿದ್ದ ದಿನಗಳ ನಂತರ ಅವರಿಬ್ಬರೂ ಹಾಗೆ ನಕ್ಕಿದ್ದೇ ಇರಲಿಲ್ಲ.

ಸಂಪಾದಕರ ಪತ್ರಿಕೆ ಅಕ್ಕನ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿತ್ತು. ಆ ಸಲ ಒಂದು ಪುಟ ಖಾಲಿ ಉಳಿದಿತ್ತು. ನನ್ನ ತಂಗಿಯದೊಂದು ಕವಿತೆ ಇದೆ ಎಂದು ಅಕ್ಕ ಹೇಳಿದ್ದೇ ತಡ, ನಿಮ್ಮ ಮೇಲೆ ನಂಬಿಕೆ ಇದೆ, ನೇರ ಅಚ್ಚಿಗೆ ಕೊಡಿ ಎಂದುಬಿಟ್ಟರು ಸಂಪಾದಕರು. ಅಕ್ಕ ಇದ್ದದ್ದನ್ನು ಇದ್ದಹಾಗೆ ಬರೆದು ಕೊಟ್ಟಳು. ಸಂಜೆಗೆ ಕರಡು ಮೇಜಿಗೆ ಬಂತು.

ಅದೇ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ದೊಡ್ಡ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, ಗಡ್ಡೆ ಸುತ್ತಲೂ ಹರಡಿರಬಹುದು, ಭರವಸೆ ಕೊಡಲಾರೆ ಎಂದಿದ್ದರು. ಅಲ್ಲಿಂದ ನೇರ ಪ್ರೆಸ್ಸಿಗೆ ಬಂದು ಕೂತವಳು ಕರಡನ್ನು ನೋಡಿದಳು. ತಂಗಿಯ ಬಾಯಲ್ಲಿ ಅಷ್ಟು ನಗಿಸಿದ ಪದ ಅಚ್ಚಿನಲ್ಲಿ ಬಟ್ಟೆಯಿಲ್ಲದೆ ನಿಂತ ಹಾಗೆ ಕಂಡಿತು. ಅವಳಿಗೆ ತುಂಬ ಹೆದರಿಕೆಯಾಯಿತು. ಇವಳು ಹೋಗಿಬಿಟ್ಟರೆ ಲೋಕದಲ್ಲಿ ಇವಳ ಹೆಸರಿನ ಕೆಳಗೆ ಅಚ್ಚಾಗಿ ಉಳಿಯುವುದು ಇದೊಂದೇ. ಅದರಲ್ಲಿ ಇರುವುದು ಹೂಸು. ಬಂಧುಗಳು ಓದುತ್ತಾರೆ, ಓರಗಿತ್ತಿಯರು ಓದುತ್ತಾರೆ, ಮೂಗು ಮುಚ್ಚಿಕೊಳ್ಳುತ್ತಾರೆ. ಕೆಂಪು ಪೆನ್ನು ಕೈಯಲ್ಲೇ ಇತ್ತು. ‘ಸಿ’ಯನ್ನು ಹೊಡೆದು ಅಂಚಿನಲ್ಲಿ ‘ವಿ’ ಎಂದು ಬರೆದಳು. ಇನ್ನೊಮ್ಮೆ ಓದಿದಳು. ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಅಳು ಬಂತು.

ಆಮೇಲೆ ತಂಗಿ ಸಾಯಲಿಲ್ಲ. ಮಾರನೆಯ ದಿನವೇ ಗಾಳಿ ಹೋಯಿತು, ನೀರು ಕುಡಿದಳು, ಗಂಜಿ ಕುಡಿದಳು, ಮನೆಗೆ ಬಂದಳು, ಪತ್ರಿಕೆ ತೆರೆದಳು.

*

ಸಭಾಂಗಣ ತುಂಬಿತ್ತು. ಅಕ್ಕ ಮುಂದಿನ ಸಾಲಿನ ತುದಿಯಲ್ಲಿ ಕಂಡಕ್ಟರನ ಪಕ್ಕ ಕೂತಳು. ತಂಗಿಗೂ ಅವನಿಗೂ ಮಕ್ಕಳಿರಲಿಲ್ಲ. ನರ್ಸರಿಯ ಗಿರಾಕಿಗಳೇ ಅರ್ಧ ಜನ. ಶೋಕದ ಬಟ್ಟೆ ತೊಟ್ಟು ಬಂದಿದ್ದರೂ ಕೆಲವರ ಉಗುರಿನಲ್ಲಿ ಮಣ್ಣಿತ್ತು. ಉಳಿದರ್ಧ ಕವಿತೆಯ ಜನ. ತಂಗಿಯನ್ನು ಒಮ್ಮೆಯೂ ನೋಡದವರು ಅವರಲ್ಲಿ ಬಹಳ ಮಂದಿ.

ಅಂಥವಳೊಬ್ಬಳು ಅಕ್ಕನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅವಳ ತಾಯಿ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳಂತೆ. ತಾಯಿ ದಿನವೂ ಅದನ್ನು ನೋಡುತ್ತ, ಕಿಟಕಿಯಲ್ಲಿ ಯಾವುದಾದರೂ ಹೂವು ಬಿಟ್ಟಿದೆಯೇ ಎಂದು ಕೇಳುತ್ತಿದ್ದರಂತೆ. ಬಿಟ್ಟಿದ್ದ ದಿನ ಎರಡು ತುತ್ತು ಹೆಚ್ಚು ತಿನ್ನುತ್ತಿದ್ದರಂತೆ. ನಿಮ್ಮ ತಂಗಿ ನನ್ನ ಅಮ್ಮನಿಗೆ ಏನು ಕೊಟ್ಟರು ಎಂದು ನಿಮಗೆ ಗೊತ್ತಿಲ್ಲ ಎಂದಳು. ಅಕ್ಕ ತಲೆಯಾಡಿಸಿದಳು. ನಿಜಕ್ಕೂ ಗೊತ್ತಿರಲಿಲ್ಲ.

ಬೆಳಗಿನಿಂದ ಅವಳೊಂದು ನಿರ್ಧಾರ ಮಾಡಿಕೊಂಡಿದ್ದಳು. ಇವತ್ತು ಸರಿಯಾದ ಪದವನ್ನೇ ಓದುವುದು. ‘ಹೂಸಿಗಾಗಿ’ ಎಂದು, ಎಲ್ಲರೆದುರು, ಗಟ್ಟಿಯಾಗಿ. ತಂಗಿಯಿಂದ ಕಿತ್ತುಕೊಂಡ ಅಕ್ಷರವನ್ನು ತಂಗಿಯ ಎದುರಿಗೇ ವಾಪಸು ಇಡುವುದು. ಈಗ ಈ ಹೆಂಗಸಿನ ಬೆಚ್ಚಗಿನ ಕೈಯಲ್ಲಿ ಅವಳ ಕೈ ಸಿಕ್ಕಿಹಾಕಿಕೊಂಡಿತ್ತು. ಓದಿದರೆ ಆ ತಾಯಿಯ ಗೋಡೆಯ ಮೇಲೆ ಏನು ಉಳಿಯುತ್ತದೆ? ಓದದಿದ್ದರೆ ತಂಗಿಗೆ ಏನು ಉಳಿಯುತ್ತದೆ? ಅತ್ತ ದರಿ, ಇತ್ತ ಪುಲಿ ಎನ್ನುವಂತೆ ಆಗಿತ್ತು ಅವಳ ಪಾಡು.

ಅವಳು ಕಂಡಕ್ಟರನ ಕಿವಿಯ ಬಳಿ ಬಗ್ಗಿದಳು. “ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ಲಾ ಅವಳು? ಆ ವಿಷಯವಾಗಿ?”

“ದಿನಾ ಬೈತಿದ್ಲು,” ಎಂದ ಅವನು.

“ಕೊನೇವರೆಗೂ?”

“ಕೊನೇವರೆಗೂ. ಬೈದು ಮುಗಿದ ಮೇಲೆ, ಅಕ್ಕನ ಫೋನ್ ಬಂತಾ ಅಂತ ಕೇಳ್ತಿದ್ಲು.”

ಅಕ್ಕನಿಗೆ ಮೊದಲ ಮಾತು ಮಾತ್ರ ಕೇಳಿಸಿತು.

*

ಪತ್ರಿಕೆ ಬಂದ ದಿನ ತಂಗಿ ಫೋನ್ ಮಾಡಿದಳು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

“ಅಕ್ಕಾ, ನನ್ನ ಹೂಸು ಎಲ್ಲಿ?”

ಅಚ್ಚಿನ ತಪ್ಪಿರಬೇಕು ಎಂದಳು ಅಕ್ಕ. ತಂಗಿ, ನೀನು ನೋಡಿದ ಕರಡಿನಲ್ಲಿ ಇದುವರೆಗೆ ಒಂದು ಅಲ್ಪವಿರಾಮವೂ ತಪ್ಪಿದ್ದಿಲ್ಲ ಎಂದಳು. ಅಕ್ಕ ಒಪ್ಪಿಕೊಂಡಳು. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೂ ಸೇರಿಸಿದಳು. ಅದನ್ನು ಸೇರಿಸಬಾರದಿತ್ತು.

ಆಮೇಲೆ ಆ ಕವಿತೆಗೆ ಕಾಲು ಬಂತು. ಬೇರೆ ಪತ್ರಿಕೆಗಳು ಹಾಕಿದವು, ಶುಭಾಶಯದ ಕಾರ್ಡುಗಳಿಗೆ ಹತ್ತಿತು, ಆಸ್ಪತ್ರೆಯವರು ತಮ್ಮ ಬಾಗಿಲ ಗೋಡೆಯ ಮೇಲೆ ಹೂವಿನ ಚಿತ್ರದ ಜೊತೆ ಬರೆಸಿದರು. ರೋಗ ಮತ್ತು ಪ್ರಕೃತಿಯ ಸಂಬಂಧದ ಬಗ್ಗೆ ಯಾರೋ ಉದ್ದನೆಯ ಲೇಖನ ಬರೆದು, ಈ ಹೂವು ಆತ್ಮದ ಅರಳುವಿಕೆ ಎಂದರು. ತಂಗಿ ಆ ಲೇಖನವನ್ನು ಗಂಡನಿಂದ ಜೋರಾಗಿ ಓದಿಸಿ, ಹೂವು ಎಂದು ಬಂದಲ್ಲೆಲ್ಲ ತನ್ನ ಪದವನ್ನೇ ಹಾಕಿ ಓದು ಎಂದು ಹಟ ಹಿಡಿದಳು. ‘ಕವಯಿತ್ರಿಯ ಈ ಹೂಸಿನಲ್ಲಿ ಇಡೀ ವಿಶ್ವದ ಪರಿಮಳವಿದೆ’ ಎನ್ನುವಲ್ಲಿಗೆ ಕಂಡಕ್ಟರಿಗೆ ಮುಂದೆ ಓದಲಾಗಲಿಲ್ಲ.

ಹಾಗೆ ನಗುತ್ತಿದ್ದಳು ನಿಜ. ಆದರೆ ಅಂದಿನಿಂದ ತಂಗಿ ಅಕ್ಕನಿಗೆ ಒಂದು ಕವಿತೆಯನ್ನೂ ಹೇಳಲಿಲ್ಲ. ಮೊಣಕಾಲಿನ ಬಗ್ಗೆ ಒಂದು ಕವಿತೆ ಕಟ್ಟಿದ್ದಾಳಂತೆ, ಮೂತ್ರಕೋಶ ಮತ್ತು ನಲ್ಲಿಯ ನಡುವಿನ ಸಂಭಾಷಣೆ ಅಂತೆ, ಎರೆಹುಳು ಡಾಕ್ಟರ ಬಳಿ ಹೋದ ಕತೆಯಂತೆ. ಎಲ್ಲವೂ ಅಕ್ಕನಿಗೆ ಗಿರಾಕಿಗಳ ಬಾಯಿಂದ ಅರ್ಧಂಬರ್ಧ ಬಂದು ಮುಟ್ಟುತ್ತಿದ್ದವು. ಚಿಕ್ಕಂದಿನಿಂದ ತಂಗಿಯ ಪ್ರತಿ ಸಾಲನ್ನೂ ಮೊದಲು ಕೇಳಿದ್ದ ಕಿವಿ ಅವಳದು. ಆ ಜಾಗ ಹೋದದ್ದು ಅವಳಿಗೆ ಸಂಕಟದ ವಿಷಯವಾಯಿತು.

ಒಂದು ದಿನ ತಡೆಯಲಾರದೆ ನರ್ಸರಿಗೇ ಹೋದಳು. ತಂಗಿ ಹಿಂದುಗಡೆ ಗೊಬ್ಬರದ ಗುಂಡಿಯನ್ನು ಸಲಿಕೆಯಿಂದ ಮೇಲೆ ಕೆಳಗೆ ಮಾಡುತ್ತಿದ್ದಳು. ಮೈ ಅರ್ಧಕ್ಕಿಳಿದಿದ್ದರೂ ಸಲಿಕೆ ಬಿಟ್ಟಿರಲಿಲ್ಲ. ಅಕ್ಕ ಮೂಗಿಗೆ ಸೆರಗು ಹಿಡಿದದ್ದನ್ನು ನೋಡಿ, “ವಾಸನೆ ಬಂದ್ರೆ ಒಳಗೆ ಕೆಲಸ ನಡೀತಿದೆ ಅಂತ ಅರ್ಥ. ಬರ್ಲಿಲ್ಲ ಅಂದ್ರೆ ಹೆದರ್ಬೇಕು,” ಎಂದಳು. ಆ ಮಾತು ಗುಂಡಿಯ ಬಗ್ಗೆ ಮಾತ್ರ ಅಲ್ಲ ಎಂದು ಅಕ್ಕನಿಗೆ ತಿಳಿಯಿತು.

“ತಪ್ಪಾಯ್ತು ಕಣೆ,” ಎಂದಳು ಅಕ್ಕ. “ಹೊಟ್ಟೆಗೆ ಹಾಕ್ಕೋ.”

ತಂಗಿ ಸಲಿಕೆಯ ಹಿಡಿಗೆ ಗದ್ದ ಊರಿ ನಿಂತು ಅವಳನ್ನು ನೋಡಿದಳು. “ಯಾವ ಹೊಟ್ಟೆಗೆ? ತೆಗೆದುಬಿಟ್ರಲ್ಲ.”

ಇಬ್ಬರಿಗೂ ನಗು ಬಂತು. ನಕ್ಕಾದ ಮೇಲೆ ತಂಗಿ ಮತ್ತೆ ಗೊಬ್ಬರ ಎತ್ತಲು ಶುರು ಮಾಡಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಲ್ಲಿಂದ ಮುಂದೆ ಅಕ್ಕ ದಿನವೂ ಫೋನ್ ಮಾಡುವಳು. ಔಷಧಿ ತಗೊಂಡೆಯಾ, ಮಲಗಿದೆಯಾ ಎಂದೆಲ್ಲ ಸುತ್ತಿ ಬಳಸಿ ಕೊನೆಗೆ, ಹೊಟ್ಟೆಗೆ ಹಾಕಿಕೊಂಡೆಯಾ ಎಂದು ಕೇಳುವಳು. ಎಲ್ಲಿದೆಯೇ ಹೊಟ್ಟೆ ಎಂದು ತಂಗಿ ಫೋನಿಡುವಳು. ಕಾಯಿಲೆ ತಿರುಗಿ ಬಂದ ಮೇಲೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಯ ದಿನವೂ ಅದೇ.

*

ಸಂಪಾದಕರು ಮಾತಾಡುತ್ತಿದ್ದರು. ಹೂವು ಎಂದರೆ ಕ್ಷಣಿಕ, ಆದರೆ ಅದರ ಸುಗಂಧ ಉಳಿಯುತ್ತದೆ ಎಂಬಲ್ಲಿಗೆ ಬಂದಿದ್ದರು. ಅಕ್ಕನಿಗೆ ಕೂತಿರಲಾಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಬದಿಯಿಂದ ಹಿಂದಕ್ಕೆ ನಡೆದಳು.

ಹಿಂದಿನ ಸಾಲಿನಲ್ಲಿ ಬೇರೆಯದೇ ಜನ ಕೂತಿದ್ದರು. ಒಬ್ಬರ ಮುಂದೆ ನಾಲ್ಕು ಕಾಲಿನ ಊರುಗೋಲು, ಇನ್ನೊಬ್ಬಳ ತಲೆಗೆ ಬಿಗಿದ ಬಟ್ಟೆ, ಒಬ್ಬ ದಪ್ಪನೆಯ ಗಂಡಸು ಹೊಟ್ಟೆಯ ಮೇಲೆ ಎರಡೂ ಕೈ ಜೋಪಾನವಾಗಿ ಇಟ್ಟುಕೊಂಡಿದ್ದ. ಅವರಾರೂ ಹೂವು ತಂದಿರಲಿಲ್ಲ. ಅವರ ಪಕ್ಕ ಗೋಡೆಗೆ ಒರಗಿ ಹಿರಿಯ ನರ್ಸೊಬ್ಬಳು ಸಮವಸ್ತ್ರದಲ್ಲೇ ನಿಂತಿದ್ದಳು. ಕೆಲಸ ಮುಗಿಸಿ ನೇರ ಬಂದಂತಿತ್ತು. ಅವಳು ಅಕ್ಕನನ್ನು ನೋಡಿ, ಗುರುತು ಹತ್ತಿ, ಪಿಸುದನಿಯಲ್ಲಿ ಕೇಳಿದಳು:

“ನೀವೇ ಅಲ್ವಾ ಅಕ್ಕ? ಹೂವಿನ ಅಕ್ಕ?”

ಊರೆಲ್ಲ ಸಾರಿದ್ದಾಳೆ ಹಾಗಾದರೆ. ಹೌದೆಂದು ತಲೆಯಾಡಿಸಿದಳು. ಹಿಂದಿನ ಸಾಲಿನ ಅಷ್ಟೂ ಮುಖಗಳು ಅವಳ ಕಡೆ ತಿರುಗಿದವು. ಯಾವ ಮುಖದಲ್ಲೂ ಸಿಟ್ಟಿರಲಿಲ್ಲ. ಸಿನಿಮಾದವರನ್ನು ನೋಡುವಂತೆ ನೋಡುತ್ತಿದ್ದರು. ಊರುಗೋಲಿನವರಂತೂ ಎದ್ದು ನಿಲ್ಲಲು ಹೊರಟರು; ನರ್ಸು ಅವರ ಹೆಗಲನ್ನು ಒತ್ತಿ ಕೂರಿಸಿದಳು.

ನರ್ಸು ಅಕ್ಕನನ್ನು ಬಾಗಿಲಾಚೆ ಕರೆದೊಯ್ದು ಹೇಳಿದ್ದು ಇದು. ತಂಗಿ ತಪಾಸಣೆಗೆ ಬಂದಾಗಲೆಲ್ಲ ವಾರ್ಡಿಗೆ ಹೋಗಿ ಹೊಸದಾಗಿ ಹೊಲಿಗೆ ಹಾಕಿಸಿಕೊಂಡವರ ಪಕ್ಕ ಕೂರುತ್ತಿದ್ದಳು. ಒಮ್ಮೆ ಅಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಇದ್ದರು. ಬಹಳ ಮಡಿವಂತಿಕೆಯ, ಗತ್ತಿನ ಹೆಂಗಸು. ಡಾಕ್ಟರು ಬಂದು ಕೇಳಿದರೆ ಗೋಡೆಯ ಕಡೆ ತಿರುಗಿಬಿಡುವರು. ಗಾಳಿ ಹೋಗಿತ್ತೋ ಇಲ್ಲವೋ, ಬಾಯಿ ಬಿಡುವವರಲ್ಲ. ಬಾಯಿ ಬಿಡದಿದ್ದರೆ ನೀರು ಕೊಡುವ ಹಾಗಿಲ್ಲ. ತುಟಿ ಒಡೆದು ಹೋಗಿದ್ದರೂ ಆ ಪದವನ್ನು ಗಂಡಸರ ಮುಂದೆ ಹೇಳಲೊಲ್ಲರು.

“ನಿಮ್ಮ ತಂಗಿ ಹೋಗಿ ಅವರ ಹತ್ರ ಕೂತ್ರು,” ಎಂದಳು ನರ್ಸು. “ಮೆತ್ತಗೆ ಕೇಳಿದ್ರು, ‘ಟೀಚರ್, ಹೂ ಬಿಡ್ತಾ?’ ಅಂತ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. ಆಮೇಲೆ ಕಣ್ಣು ಮುಚ್ಕೊಂಡು, ‘ಬೆಳಗಿನ ಜಾವ ಒಂದು ಮೊಗ್ಗು’ ಅಂದ್ರು.”

ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಆವತ್ತಿನಿಂದ ಆ ವಾರ್ಡಿನಲ್ಲಿ ಯಾರೂ ಗಾಳಿ ಎನ್ನುವುದಿಲ್ಲ, ಗ್ಯಾಸ್ ಎನ್ನುವುದಿಲ್ಲ. ಬೆಳಗ್ಗೆ ರೌಂಡ್ಸಿಗೆ ಬರುವ ಡಾಕ್ಟರುಗಳೂ ಹೂ ಬಿಡ್ತಾ ಎಂದೇ ಕೇಳುವುದು. ಸಣ್ಣದಾದರೆ ಮೊಗ್ಗು, ದೊಡ್ಡದಾದರೆ ಸೂರ್ಯಕಾಂತಿ. ಹೊಸ ಡಾಕ್ಟರುಗಳು ಮೊದಲ ದಿನ ತೋಟಗಾರಿಕೆ ಎಂದುಕೊಂಡು ಕಿಟಕಿಯ ಹತ್ತಿರ ಹೋಗಿ ನೋಡುವುದೂ ಉಂಟು. ಹಿಂದಿನ ಸಾಲಿನಲ್ಲಿ ಕೂತವರೆಲ್ಲ ಅಲ್ಲಿ ಹೂ ಬಿಟ್ಟು ಬದುಕಿ ಬಂದವರೇ. ಇಷ್ಟು ಚೆನ್ನಾದ ಮಾತು ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ ತಂಗಿ, ನಂದಲ್ಲ, ನಮ್ಮಕ್ಕಂದು ಎನ್ನುತ್ತಿದ್ದಳು. ನಾನು ಬರೆದದ್ದು ಬರೀ ಹೂಸು, ಅದನ್ನು ಹೂ ಮಾಡಿದ್ದು ಅವಳು ಎನ್ನುತ್ತಿದ್ದಳು.

“ನನ್ನ ಮೇಲೆ ಸಿಟ್ಟಿರ್ಲಿಲ್ವಾ ಅವಳಿಗೆ?” ಅಕ್ಕನ ದನಿ ಸಣ್ಣದಾಗಿತ್ತು. “ಹೊಟ್ಟೆಗೆ ಹಾಕ್ಕೋ ಅಂತ ಎಷ್ಟು ಸಲ ಕೇಳಿದೀನಿ.”

“ನನಗೆ ಗೊತ್ತು. ನಾನೇ ಒಂದ್ಸಲ ಕೇಳ್ದೆ, ಪಾಪ, ಯಾಕೆ ಹಾಗೆ ಸತಾಯಿಸ್ತೀರ ಅಂತ. ಅದಕ್ಕೆ ಏನಂದ್ರು ಗೊತ್ತಾ? ‘ನನಗೆ ಹೊಟ್ಟೆ ಇಲ್ವಲ್ಲ ಸಿಸ್ಟರ್, ಅಕ್ಕ ಏನು ಕೊಟ್ರೂ ಸೀದಾ ಕರುಳಿಗೇ ಇಳಿಯತ್ತೆ’ ಅಂದ್ರು.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?” ಎಂದಳು ಅಕ್ಕ.

“ಹೇಳಿಬಿಟ್ರೆ ಕೇಳೋದು ನಿಲ್ಲಿಸ್ತಾಳೆ ಅಂತ. ‘ಆ ನೆಪದಲ್ಲಾದ್ರೂ ದಿನಾ ಫೋನ್ ಮಾಡ್ತಾಳೆ, ಮಾಡ್ಲಿ ಬಿಡಿ’ ಅಂದ್ರು.”

ಆಗ ಅಕ್ಕ ಅತ್ತಳು. ತಂಗಿ ಹೋದ ಕ್ಷಣದಿಂದ ಬಾರದೆ ಎಲ್ಲೋ ಕಟ್ಟಿಕೊಂಡಿದ್ದ ಅಳು, ಗಂಟಲಿನಿಂದ ಸದ್ದು ಮಾಡಿಕೊಂಡು ಬಂತು. ಕಳ್ಳಿ, ಮಹಾ ಕಳ್ಳಿ, ಎಷ್ಟು ವರ್ಷ ಆಡಿಸಿದೆಯೇ ನನ್ನನ್ನು ಎಂದು ಮನಸ್ಸಿನಲ್ಲೇ ಬೈದಳು. ನರ್ಸು ಅವಳ ಬೆನ್ನಿನ ಮೇಲೆ ಕೈ ಇಟ್ಟು, ನೀವೂ ಸಿಸ್ಟರ್, ನಾನೂ ಸಿಸ್ಟರ್, ಅಳಿ ಪರವಾಗಿಲ್ಲ ಎಂದಳು. ಒಳಗಿನಿಂದ ಸಂಪಾದಕರು ಅಕ್ಕನನ್ನು ವೇದಿಕೆಗೆ ಕರೆಯುವುದು ಕೇಳಿಸಿತು.

ಅವಳು ಮುಖ ಒರೆಸಿಕೊಂಡು ಮುಂದೆ ನಡೆದಳು. ತಂಗಿಯ ತಲೆಯ ಬಳಿ ನಿಂತಳು. ಕವಿತೆ ಬಾಯಿಪಾಠವಿತ್ತು, ಕೈಯಲ್ಲಿ ಏನನ್ನೂ ಹಿಡಿಯಲಿಲ್ಲ. ಹೊಟ್ಟೆ ಕಳೆದುಕೊಂಡವಳ ಮಂಚದಿಂದ ಶುರು ಮಾಡಿ, ಡಾಕ್ಟರು, ದಾದಿ, ಮುದುಕಿ, ಗುಬ್ಬಿ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆತಂದು ಸುತ್ತ ನಿಲ್ಲಿಸಿದಳು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ ಎಂದಳು. ಸಭಾಂಗಣದಲ್ಲಿಯೂ ಹಾಗೇ ಇತ್ತು. ಕಂಡಕ್ಟರು ಅವಳ ತುಟಿಗಳನ್ನೇ ನೋಡುತ್ತಿದ್ದ.

“ಇಡೀ ವಾರ್ಡು ಕಾಯುತ್ತಿದೆ,” ಎಂದಳು ಅಕ್ಕ. ಅಲ್ಲಿ ನಿಂತಳು. ತಂಗಿಯ ಮುಖವನ್ನು ನೋಡಿದಳು, ಆಮೇಲೆ ತಲೆಯೆತ್ತಿ ಎಲ್ಲರನ್ನೂ ದಾಟಿ ಕೊನೆಯ ಸಾಲನ್ನು ನೋಡಿದಳು.

“ಒಂದು ಹೂವಿಗಾಗಿ.”

ಮೊದಲು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದ ದಪ್ಪನೆಯ ಗಂಡಸಿಗೆ ತಡೆಯಲಾಗಲಿಲ್ಲ. ಮೂಗಿನಿಂದ ಒಂದು ಸದ್ದು ಹೊರಬಿತ್ತು. ಊರುಗೋಲಿನವರು ಊರುಗೋಲಿನ ಮೇಲೆ ತಲೆಯಿಟ್ಟರು. ತಲೆಗೆ ಬಟ್ಟೆ ಬಿಗಿದವಳು ಪಕ್ಕದವಳ ಭುಜದಲ್ಲಿ ಮುಖ ಹುದುಗಿಸಿದಳು. ಇಡೀ ಸಾಲು ಸದ್ದಿಲ್ಲದೆ ಗಡಗಡ ಅಲ್ಲಾಡತೊಡಗಿತು. ಅಮ್ಮನ ಗೋಡೆಗೆ ಸಾಲು ಅಂಟಿಸಿದ್ದ ಹೆಂಗಸು ಒಮ್ಮೆ ಹಿಂತಿರುಗಿ ನೋಡಿ, ಅವರ ದುಃಖ ಕಂಡು ತಾನೂ ಬಿಕ್ಕಿದಳು. ಕಂಡಕ್ಟರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ.

“ಬಾ, ನನ್ನ ಪುಟ್ಟ ಗಾಳಿಯೇ,” ಎಂದು ಅಕ್ಕ ಮುಂದುವರಿಸಿದಳು. “ಒಳಗೆ ಮಣ್ಣು ಇನ್ನೂ ಬದುಕಿದೆ ಎಂದು ಹೊರಗಿನವರಿಗೆ ಹೇಳು.”

ಮುಂದಿನ ಸಾಲಿನಲ್ಲಿ ಸಂಪಾದಕರು ಮಂಕಾದ ಕನ್ನಡಕವನ್ನು ತೆಗೆದು, ಪಕ್ಕದ ರಾಶಿಯಿಂದ ಬಿಳಿ ಹೂವೊಂದನ್ನು ಎತ್ತಿಕೊಂಡು, ಮೂಗಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡರು.